ಗೇಟಿನ ಹಗ್ಗ ಎಳೆಯದ ದಿನ

ಆಗ ನನಗೆ ಅರವತ್ತೆಂಟು ವಯಸ್ಸು. ಇದು ನಡೆದು ಮೂರು ವರ್ಷವಾಯಿತು. ರಾಮನಗರದಲ್ಲಿ ಮುಚ್ಚಿಹೋದ ಒಂದು ರೇಷ್ಮೆ ರೀಲಿಂಗ್ ಶೆಡ್ಡಿನೊಳಗೆ ಒಂದು ನಾಟಕ ಆಡಿದರು. ಅದಕ್ಕೆ ಸದ್ದು ಮಾಡುವ ಕೆಲಸ ಐದು ವಾರ ನನ್ನದಾಗಿತ್ತು. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಬರೆಯುತ್ತೇನೆ. ಅದಕ್ಕೇ ಬೇಕಾದಷ್ಟನ್ನೇ ಬರೆಯುತ್ತೇನೆ.

ಆ ಶೆಡ್ಡಿನಲ್ಲಿ ನಾನು ಬಿಸಿನೀರಿನೊಳಗೆ ಕೈಯಿಟ್ಟು ಗೂಡಿನಿಂದ ನೂಲು ತೆಗೆದವಳು. ಮುಚ್ಚಿದ ಮೇಲೆ ಮಾಲೀಕ ಬೀಗದ ಕೈ ನನಗೇ ಕೊಟ್ಟಿದ್ದ, ಗುಡಿಸಿಕೊಂಡಿರು ಅಂತ. ಆಮೇಲೆ ನಾಟಕದವರಿಗೆ ಬಾಡಿಗೆಗೆ ಕೊಟ್ಟ. ನಾಟಕ ಬರೆದು ಆಡಿಸುತ್ತಿದ್ದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ನಲವತ್ತು ಜನ ಕೂರುವಷ್ಟೇ ಜಾಗ. ಮೊದಲ ಸಾಲಿನವರು ಕಾಲು ಚಾಚಿದರೆ ಪಾತ್ರ ಮಾಡುವವರಿಗೆ ತಾಗುತ್ತದೆ.

ಕಥೆ ಸಣ್ಣದು. ನೇಪಾಳದಿಂದ ಬಂದ ಒಂದು ಕುಟುಂಬ. ಗಂಡ, ಹೆಂಡತಿ, ಒಬ್ಬಳು ಮಗಳು. ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ನೀರಿನ ಸಂಪಿನ ಮೇಲೆ ಒಂದು ಕೋಣೆ. ಗಂಡ ಹಗಲು ಬೇರೆ ಕಡೆ ಕೆಲಸಕ್ಕೆ ಹೋದಾಗ ಗೇಟು ತೆಗೆಯುವುದು ಹೆಂಡತಿ. ಕಾರು ಹಾರ್ನ್ ಮಾಡಿದರೆ ಎದ್ದು ಓಡಬೇಕು. ನಾಟಕದಲ್ಲಿ ಒಂಬತ್ತು ಸಲ ಹಾರ್ನ್ ಆಗುತ್ತದೆ, ಒಂಬತ್ತು ಸಲ ಅವಳು ಏಳುತ್ತಾಳೆ. ಕೊನೆಯಲ್ಲಿ ಊರಿನಿಂದ ಫೋನ್ ಬರುತ್ತದೆ, ಅವಳ ತಾಯಿ ತೀರಿಕೊಂಡರು ಅಂತ. ಹೋಗಲು ಆಗುವುದಿಲ್ಲ. ಒಲೆ ಹಚ್ಚಿ ಅಡುಗೆಗೆ ಕೂರುತ್ತಾಳೆ. ಮತ್ತೆ ಹಾರ್ನ್. ಅಳುತ್ತಲೇ ಎದ್ದು ಗೇಟು ತೆಗೆಯುತ್ತಾಳೆ. ಮುಗಿಯಿತು.

ಮೇಷ್ಟ್ರು ಮೊದಲು ಎಲ್ಲ ಸದ್ದನ್ನೂ ಫೋನಿನಲ್ಲಿ ಹಿಡಿದು ತಂದು ಎರಡು ಸ್ಪೀಕರಿನಿಂದ ಬಿಡುತ್ತಿದ್ದರು. ನಾನು ಕಸ ಹೊಡೆಯುತ್ತಾ ಕೇಳಿಸಿಕೊಂಡೆ. ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ತಡೆಯಲಿಲ್ಲ.

“ಮೇಷ್ಟ್ರೆ, ಗೇಟು ಬಾಗ್ಲತ್ರ ಐತೆ ಅಂತೀರಿ. ಸದ್ದು ನೋಡುದ್ರೆ ಆ ಡಬ್ಬದಿಂದ ಬತ್ತದೆ. ಆ ಹೆಣ್ಮಗಳು ಡಬ್ಬದ ಕಡೆ ನೋಡಾದಾ, ಬಾಗ್ಲ ಕಡೆ ನೋಡಾದಾ?”

“ನೀವು ಮಾಡಿ ತೋರಿಸಿ ಅಜ್ಜಿ” ಎಂದರು. ವ್ಯಂಗ್ಯಕ್ಕೇ ಹೇಳಿದ್ದು. ನಾನು ಪೊರಕೆ ಇಟ್ಟೆ.

ಹಳೇ ರೀಲಿಂಗ್ ಯಂತ್ರದ ಒಂದು ಕಬ್ಬಿಣದ ಚಕ್ರ ಮೂಲೆಯಲ್ಲಿತ್ತು. ಜನ ಕೂರುವ ಜಾಗದ ಹಿಂದೆ, ಬಾಗಿಲ ಹತ್ತಿರ, ಒಂದು ಕಬ್ಬಿಣದ ಪಟ್ಟಿ ಹಾಸಿ ಅದರ ಮೇಲೆ ಚಕ್ರ ಇಟ್ಟು, ಮೇಲೊಂದು ಸೈಜುಗಲ್ಲು ಕಟ್ಟಿ ಎಳೆದೆ. ಗೇಟೇ. ಮೇಷ್ಟ್ರು ತಿರುಗಿ ನೋಡಿದರು. ತಿರುಗಿ ನೋಡಿದ ಮೇಲೆ ಇನ್ನೇನು ಮಾತು? ಅವತ್ತಿನಿಂದ ಸದ್ದಿನ ಕೆಲಸ ನನಗೆ ಬಂತು.

ಯಾವ ಸದ್ದು ಎಲ್ಲಿಂದ ಬರಬೇಕೋ ಅಲ್ಲೇ ಅದರ ವಸ್ತು ಇಟ್ಟೆ. ಗೇಟಿನ ಚಕ್ರಕ್ಕೆ ಹಗ್ಗ ಕಟ್ಟಿ, ಗೋಡೆಗುಂಟ ರಾಟೆಯ ಮೇಲೆ ಹಾಯಿಸಿ, ವೇದಿಕೆಯ ಪಕ್ಕ ನಾನು ಕೂರುವ ಪರದೆಯ ಹಿಂದಕ್ಕೆ ತಂದೆ. ಮೇಲಿನ ಮನೆಯವರ ಹೆಜ್ಜೆಗೆ ಅಟ್ಟದ ಹಲಗೆ ಇತ್ತು. ಅದರ ಮೇಲೆ ಒಂದು ಒನಕೆ ನೇತುಹಾಕಿ ದಾರದಿಂದ ಕುಣಿಸಿದೆ. ನೀರಿನ ಮೋಟಾರಿಗೆ ಟೇಬಲ್ ಫ್ಯಾನಿನ ಮೋಟಾರನ್ನು ಎಣ್ಣೆ ಡಬ್ಬಕ್ಕೆ ಹಾಕಿ ನೆಲದ ಚರಂಡಿಯೊಳಗೆ ಇಳಿಸಿದೆ. ಅದು ತಿರುಗಿದರೆ ಕೂತವರ ಅಂಗಾಲಿಗೆ ಗೊತ್ತಾಗುತ್ತಿತ್ತು. ಹಾರ್ನು ನಿಜವಾದದ್ದೇ, ಗ್ಯಾರೇಜಿನಿಂದ ತಂದದ್ದು. ಬ್ಯಾಟರಿಗೆ ಕೊಟ್ಟು, ಗೋಣಿ ಸುತ್ತಿ, ಕಿಟಕಿಯ ಆಚೆ ಇಟ್ಟೆ. ಅದರ ಸ್ವಿಚ್ಚು ಕಾಲಿಂಗ್ ಬೆಲ್ಲಿನದು, ನನ್ನ ಬಲಗಾಲ ಹೆಬ್ಬೆರಳ ಕೆಳಗೆ.

ಯಾವುದು ಯಾವಾಗ ಅನ್ನುವುದನ್ನು ಮೇಷ್ಟ್ರು ಹಾಳೆಯಲ್ಲಿ ಬರೆದುಕೊಟ್ಟರು. ಪರದೆಯ ಹಿಂದೆ ಕತ್ತಲೆ. ನಾನು ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಕಾರು ಬಂದು ಹೋಗಿರುತ್ತದೆ. ಅದಕ್ಕೆ ಎದೆಮಟ್ಟದಲ್ಲಿ ಒಂದು ತೆಂಗಿನ ಹಗ್ಗ ಬಿಗಿದೆ. ಮೊದಲಿನಿಂದ ಕೊನೆಯವರೆಗೆ ನಾಟಕ ಹೇಗೆ ಹೋಗುತ್ತದೋ ಹಾಗೆ ಅದಕ್ಕೆ ಚೂರುಗಳನ್ನು ಕಟ್ಟಿದೆ. ಹಾರ್ನಿಗೆ ಸೋಡಾ ಬಾಟಲಿನ ಮುಚ್ಚಳ, ಗೇಟಿಗೆ ಕಬ್ಬಿಣದ ವಾಷರು, ಹೆಜ್ಜೆಗೆ ಬಟ್ಟೆ ಚೂರು, ಅಡುಗೆಗೆ ಕಟ್ಟಿಗೆ ತುಂಡು. ಎಡಗೈ ಅದರ ಮೇಲೆ ಜರುಗಿಸಿಕೊಂಡು ಹೋಗುತ್ತಿದ್ದೆ. ಬಿಸಿನೀರಿನಲ್ಲಿ ಬೆಂದು ಬೆಂದು ನನ್ನ ಬೆರಳಿಗೆ ಬಿಸಿ ತಿಳಿಯುವುದಿಲ್ಲ. ಆದರೆ ಮುಟ್ಟಿದ್ದು ಏನು ಅನ್ನುವುದು ಚೆನ್ನಾಗಿ ತಿಳಿಯುತ್ತದೆ.

ತಪ್ಪು ಮಾಡಿದ್ದು ಮೂರನೇ ವಾರ.

ಹಾಳೆಯಲ್ಲಿ ‘ತಾಯಿ ಅಡುಗೆ ಮಾಡುತ್ತಿದ್ದಾಳೆ’ ಎಂದಿತ್ತು. ಅಡುಗೆ ಎಂದರೆ ನನಗೆ ಮುದ್ದೆ. ಬೇರೆ ಏನೂ ತಲೆಗೆ ಬರಲಿಲ್ಲ. ವೇದಿಕೆಯ ಮೇಲೆ ಬೆಂಕಿ ಬೇಡ ಎಂದು ಮೇಷ್ಟ್ರು ಕಟ್ಟುನಿಟ್ಟು ಮಾಡಿದ್ದರು. ತಾಯಿ ಪಾತ್ರದವಳು ಖಾಲಿ ಪಾತ್ರೆಯಲ್ಲಿ ಕೈಯಾಡಿಸುವುದು, ಪರದೆಯ ಹಿಂದೆ ನಾನು ಕರೆಂಟ್ ಒಲೆಯ ಮೇಲೆ ನಿಜವಾದ ಹಿಟ್ಟು ತೊಳಸುವುದು. ಹಾರ್ನ್ ಆದರೆ ನಿಲ್ಲಿಸುವುದು. ಗೇಟು ಎಳೆಯುವುದು. ಮತ್ತೆ ತೊಳಸುವುದು. ಹಾಳೆಯಲ್ಲಿ ಹಾಗಿತ್ತು, ಹಾಗೇ ಮಾಡಿದೆ.

ಒಂದು ಭಾನುವಾರ ಮಧ್ಯಾಹ್ನ ಪರೀಕ್ಷೆಗೆಂದು ಹದಿನೈದು ಜನರನ್ನು ಕರೆದಿದ್ದೆವು. ನನ್ನ ಜೊತೆ ನೂಲು ತೆಗೆದ ಹೆಂಗಸರು, ಕೈಲಾಂಚದ ಕಡೆಯ ನಾಲ್ಕೈದು ಜನ. ಮೊದಲ ದೃಶ್ಯದಲ್ಲೇ ಹಾರ್ನ್ ಆಯಿತು, ನಾನು ಕೋಲು ಬಿಟ್ಟೆ, ಪಾತ್ರದವಳು ಎದ್ದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

“ಅಯ್ಯೋ, ಎದ್ಬುಟ್ಲಲ್ಲೇ! ಗಂಟಾಯ್ತು ಹೋಗು!” ಎಂದಳು ಒಬ್ಬಳು.

“ಮುದ್ದೆ ತೊಳಸೋ ಕೈ ನಮ್ಮಜ್ಜೀದೇ ಕಣೆ” ಎಂದಳು ಇನ್ನೊಬ್ಬಳು. “ನೇಪಾಳದೋರ್ಗೂ ಹಿಟ್ಟು ಉಣ್ಸಕ್ಕೆ ಹೊಂಟವ್ಳೆ!”

ಕೊನೆಯ ದೃಶ್ಯದಲ್ಲಿ, ತಾಯಿ ಸತ್ತ ಸುದ್ದಿ ಬಂದಾಗಲೂ, ಅಲ್ಲೇ ನಗು ಬಂತು. ಜನ ಹೋದ ಮೇಲೆ ಮೇಷ್ಟ್ರು ನನ್ನ ಮುಂದೆ ಬಂದು ನಿಂತರು.

“ನೇಪಾಳದವರು ಮುದ್ದೆ ತಿಂತಾರಾ ಅಜ್ಜಿ?”

“ಅಡುಗೆ ಅಂತ ಬರ್ದಿದ್ರಿ.”

“ಅಡುಗೆ ಅಂದ್ರೆ ಮುದ್ದೆ ಒಂದೇನಾ? ಪ್ರಪಂಚದಲ್ಲಿ ಬೇರೆ ಅಡುಗೆ ಇಲ್ವಾ?”

ಹೆಂಗಸರು ನಕ್ಕಿದ್ದಕ್ಕಿಂತ ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಅರವತ್ತು ವರ್ಷ ಮುದ್ದೆ ಮಾಡಿದ ನಾನು, ನಡುವೆ ಕೋಲು ಬಿಟ್ಟರೆ ಏನಾಗುತ್ತದೆ ಎನ್ನುವುದನ್ನೇ ಮರೆತು, ಹಾಳೆ ಹೇಳಿತು ಅಂತ ಬಿಟ್ಟಿದ್ದೆನಲ್ಲ, ಅದು.

ಮೇಷ್ಟ್ರು ಅವತ್ತೇ ಬೆಂಗಳೂರಿನಿಂದ ಒಬ್ಬ ಸೌಂಡಿನವನನ್ನು ಕರೆಸಲು ಫೋನ್ ಮಾಡಿದರು. ನನಗೆ ಹೇಳಿದರು: “ಮುಂದಿನ ಶುಕ್ರವಾರದೊಳಗೆ ಆ ಅಡುಗೆ ಸದ್ದು ಸರಿಯಾದರೆ ಕೆಲಸ ನಿಮ್ಮದು. ಇಲ್ಲ ಅಂದ್ರೆ ಎಲ್ಲ ಯಂತ್ರದಿಂದಲೇ.”

“ಆಗ್ಲಿ” ಎಂದೆ. ಮನೆಗೆ ಬಂದು ಗಂಟಾದ ಮುದ್ದೆಯನ್ನೇ ಉಂಡೆ.

ತಂದೆ ಪಾತ್ರ ಮಾಡುತ್ತಿದ್ದವನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ಒಂದು ಅಪಾರ್ಟ್‌ಮೆಂಟಿನ ಗುರುತು ಹೇಳಿದ. ಅಲ್ಲಿ ಗೇಟು ಕಾಯುವವರು ನೇಪಾಳದವರೇ. ಮಂಗಳವಾರ ಒಂದು ಸೇರು ರಾಗಿ ಹಿಟ್ಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಯಾಕೆ ಹಿಟ್ಟು ಎಂದರೆ ಬರಿಗೈಲಿ ಹೋಗಬಾರದಲ್ಲ, ಮನೆಯಲ್ಲಿದ್ದದ್ದು ಅದು.

ಕೋಣೆ ನಾಟಕದಲ್ಲಿ ಇದ್ದ ಹಾಗೇ ಇತ್ತು, ಇನ್ನೂ ಚಿಕ್ಕದು. ಹೆಂಗಸಿಗೆ ಮೂವತ್ತೈದು ಇರಬಹುದು. ಅವಳ ಕನ್ನಡದಲ್ಲಿ ಗೇಟಿನ ಮಾತೇ ಜಾಸ್ತಿ. ಬಂದೆ ಸಾರ್, ನೀರು ಬಂತು ಮೇಡಂ, ಲಿಫ್ಟು ಕೆಟ್ಟೋಯ್ತು. ಉಳಿದದ್ದಕ್ಕೆ ನನ್ನ ಸಾಬರ ಮಾತು ಆಯಿತು. ರಾಮನಗರದ ರೀಲಿಂಗ್ ಶೆಡ್ಡಿನಲ್ಲಿ ದುಡಿದವರಿಗೆ ಉರ್ದು ಅರ್ಧ ಬಾಯಿಗೆ ಬಂದಿರುತ್ತದೆ.

ನಾಟಕ, ಸದ್ದು ಎಂದು ಏನೇನೋ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಗಂಟು ಬಿಚ್ಚಿ ಹಿಟ್ಟು ತೋರಿಸಿದೆ. ಬೆರಳಲ್ಲಿ ತಗೊಂಡು ಮೂಸಿದಳು.

“ಕೋದೊ!” ಎಂದಳು. “ಅಮ್ಮ, ಇದು ನಮ್ಮ ಊರಲ್ಲಿ ಇದೆ. ಇದೇ. ಕೋದೊ.”

“ನಿಮ್ಮೂರಲ್ಲಿ ಇದನ್ನ ಏನ್ ಮಾಡೀರಿ?”

“ಢಿಂಡೊ. ನೀರು ಬಿಸಿ, ಹಿಟ್ಟು ಹಾಕೋದು, ಹಿಂಗೆ ಹಿಂಗೆ ಹಿಂಗೆ...” ಎರಡೂ ಕೈಯಲ್ಲಿ ಕೋಲು ಹಿಡಿದವಳ ಹಾಗೆ ತಿರುವಿ ತೋರಿಸಿದಳು.

ನಾನು ಜೋರಾಗಿ ನಕ್ಕೆ. ಮೇಷ್ಟ್ರು ಆ ಗಳಿಗೆಯಲ್ಲಿ ಅಲ್ಲಿರಬೇಕಾಗಿತ್ತು.

“ಮಾಡವ್ವ ಮತ್ತೆ. ನಾನು ಕೇಳ್ಬೇಕು.”

ಅವಳು ಮಾಡಲೋ ಬೇಡವೋ ಎಂದು ಬಾಗಿಲ ಕಡೆ ನೋಡಿದಳು. “ಇಲ್ಲಿ ಮಾಡಲ್ಲ ಅಮ್ಮ. ಅನ್ನ ಮಾಡ್ತೀನಿ. ಏಳು ವರ್ಷದಲ್ಲಿ ಒಂದೇ ಸಲ ಮಾಡಿದೆ.”

“ಯಾಕೆ? ರಾಗಿ ಸಿಗಲ್ವಾ ಇಲ್ಲಿ? ಊರು ತುಂಬ ಐತೆ.”

“ಸಿಗುತ್ತೆ. ಅನ್ನ ಬಿಟ್ಟು ಗೇಟಿಗೆ ಹೋಗಬಹುದು. ಇದು ಬಿಟ್ಟು ಹೋಗಕ್ಕಾಗಲ್ಲ. ಅವತ್ತು ಹಾರ್ನ್ ಬಂತು, ಹೋದೆ. ಬಂದು ನೋಡಿದ್ರೆ ಪತ್ಥರ್, ಕಲ್ಲು. ಎಸೆದೆ.”

ನನಗೆ ನಾಟಕದ ಎರಡು ತಪ್ಪು ಒಟ್ಟಿಗೇ ಕಂಡಿತು. ಮೊದಲ ದೃಶ್ಯಗಳಲ್ಲಿ ಅವಳು ಮಾಡಬೇಕಾದ್ದು ಅನ್ನ. ತಟ್ಟೆ ಮುಚ್ಚಿದರೆ ಎಷ್ಟು ಸಲ ಬೇಕಾದರೂ ಏಳಬಹುದು. ಕೊನೆಯಲ್ಲಿ, ತಾಯಿ ಸತ್ತ ದಿನ, ತಾಯಿ ಮಾಡುತ್ತಿದ್ದದ್ದನ್ನು ಮಾಡಲು ಎಸರಿಟ್ಟಳು ಎಂದರೆ, ಅವಳು ಏಳುವುದಿಲ್ಲ ಎಂದು ಮನಸ್ಸು ಮಾಡಿಯೇ ಇಟ್ಟಿದ್ದಾಳೆ.

“ಮಾಡು” ಎಂದೆ. “ನಾನಿಲ್ವಾ?”

ಅವಳು ಮಂಚದ ಕೆಳಗಿನಿಂದ ಕಬ್ಬಿಣದ ಬಾಣಲೆ ತೆಗೆದಳು. ನಮ್ಮ ಹಾಗೆ ಹಿಟ್ಟನ್ನು ಒಟ್ಟಿಗೆ ಸುರಿದು ಬೇಯಲು ಬಿಡುವುದಿಲ್ಲ. ಒಂದು ಕೈ ಹಿಡಿ ಹಿಡಿ ಉದುರಿಸುತ್ತದೆ, ಇನ್ನೊಂದು ಕೈ ಚಪ್ಪಟೆ ಮರದ ಸೌಟಿನಲ್ಲಿ ತಿರುವುತ್ತಲೇ ಇರುತ್ತದೆ. ನಮ್ಮ ಅಲ್ಯುಮಿನಿಯಂ ಪಾತ್ರೆಯದು ಡಬಡಬ ಸದ್ದು. ಇದು ಕಬ್ಬಿಣದ ಮೇಲೆ ಮರ ಉಜ್ಜುವ ಸದ್ದು, ಕೆಳಗಿನಿಂದ ಬರುತ್ತದೆ. ಗಟ್ಟಿಯಾಗುತ್ತಾ ಹೋದ ಹಾಗೆ ಸದ್ದು ದಪ್ಪವಾಗುತ್ತದೆ. ನಾನು ಕಣ್ಣು ಮುಚ್ಚಿ ಕಿವಿಗೆ ತುಂಬಿಕೊಂಡೆ.

ಹಾರ್ನ್ ಆಯಿತು.

ಅವಳು ಸೌಟು ಬಿಟ್ಟು ಎದ್ದೇಬಿಟ್ಟಳು. ಯೋಚನೆ ಇಲ್ಲ, ಏನಿಲ್ಲ, ಸೊಂಟದಲ್ಲಿ ಸ್ಪ್ರಿಂಗು ಇಟ್ಟ ಹಾಗೆ. ನಾನು ಕೂತಲ್ಲಿಂದ ಜರುಗಿ ಸೌಟು ಹಿಡಿದು ತಿರುವಿದೆ. ಹೊರಗೆ ಗೇಟು ಜರುಗಿತು. “ಎಷ್ಟು ಹೊತ್ತಮ್ಮಾ, ನಿದ್ದೆ ಮಾಡ್ತಿದ್ಯಾ?” ಎಂದು ಯಾರೋ ಗದರಿದರು. “ಬಂದೆ ಸಾರ್” ಎಂದಳು. ನಾನು ತಿರುವುತ್ತಲೇ ಇದ್ದೆ. ಅವಳು ಬಂದು ನೋಡಿದಾಗ ಆಗಿತ್ತು. ಇಬ್ಬರೂ ಉಪ್ಪಿನಕಾಯಿ ಹಾಕಿಕೊಂಡು ಉಂಡೆವು. ಹೊರಡುವಾಗ ಬಾಣಲೆ, ಸೌಟು ಎರಡನ್ನೂ ಕೇಳಿದೆ. “ತಗೊಂಡೋಗಿ, ಇಲ್ಲಿ ಅದಕ್ಕೆ ಕೆಲಸ ಇಲ್ಲ” ಎಂದಳು.

ಎರಡು ದಿನ ಶೆಡ್ಡಿನಲ್ಲಿ ಒಬ್ಬಳೇ ಕೂತು ಸರಿಮಾಡಿಕೊಂಡೆ. ಬಾಣಲೆಯ ಸದ್ದು ಪರದೆ ದಾಟುತ್ತಿರಲಿಲ್ಲ. ಒಲೆಯ ಕೆಳಗೆ ಹಾಸಿದ್ದ ಗೋಣಿಯೇ ಸದ್ದು ತಿನ್ನುತ್ತಿತ್ತು. ಅದನ್ನು ಕಿತ್ತು, ಗೂಡು ಹರಡುತ್ತಿದ್ದ ಹಳೇ ಮರದ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಒಲೆ ಇಟ್ಟೆ. ಪೆಟ್ಟಿಗೆ ತಂಬೂರಿಯ ಬುರುಡೆಯ ಹಾಗೆ ಕೆಲಸ ಮಾಡಿತು. ಪಕ್ಕದ ಶೆಡ್ಡಿನ ಹೆಂಗಸನ್ನು ತಿರುವಲು ಕೂರಿಸಿ ನಾನು ನಲವತ್ತೂ ಜಾಗದಲ್ಲಿ ಕೂತು ಕೇಳಿದೆ. ಕೊನೆಯ ಸಾಲಿಗೂ ಬಂತು. ಇನ್ನೊಂದು ಕಾಟ ಚಾವಣಿಯ ತಗಡು. ಬಿಸಿಲು ಇಳಿದಾಗ ತಣ್ಣಗಾಗುತ್ತಾ ಟಕ್ ಟಕ್ ಎನ್ನುತ್ತದೆ, ಮೇಲಿನ ಹೆಜ್ಜೆಯ ಸದ್ದನ್ನು ಕೆಡಿಸುತ್ತದೆ. ಆಟ ನಾಲ್ಕು ಗಂಟೆಗೆ. ಮೂರಕ್ಕೇ ಪೈಪು ಹಿಡಿದು ತಗಡಿಗೆ ನೀರು ಹೊಡೆದರೆ ಅದರ ಗಲಾಟೆ ಮೊದಲೇ ಮುಗಿಯುತ್ತದೆ ಎಂದು ಕಂಡುಕೊಂಡೆ.

ಶುಕ್ರವಾರ ಸೌಂಡಿನವನು ಬಂದಿದ್ದ. ನಲವತ್ತು ದಾಟಿದವನು, ಕಿವಿಗೆ ಸದಾ ಎರಡು ಬಟ್ಟಲು ಕವುಚಿಕೊಂಡಿರುತ್ತಿದ್ದ. ನಾನು ಢಿಂಡೊ ತಿರುವಿದಾಗ ಆ ಬಟ್ಟಲು ತೆಗೆದು ಬರಿಗಿವಿಯಲ್ಲಿ ಕೇಳಿದ.

“ಸರ್, ಇದನ್ನ ನಾನು ಯಂತ್ರದಲ್ಲಿ ಮಾಡಕ್ಕಾಗಲ್ಲ. ಇದು ಇರಲಿ” ಎಂದ.

ಮೇಷ್ಟ್ರಿಗೂ ಒಪ್ಪಿಗೆಯಾಯಿತು. ಮೊದಲಿಗೆ ಅನ್ನ, ಕೊನೆಗೆ ಢಿಂಡೊ. ಅಲ್ಲಿಯವರೆಗೆ ಸರಿ. ಏಳುವುದರ ಮಾತು ತೆಗೆದೆ. ಜಗಳ ಶುರುವಾಯಿತು.

“ಮೇಷ್ಟ್ರೆ, ಇದನ್ನ ತಿರುವ್ತಾ ಇರೋಳು ಏಳಲ್ಲ.”

“ಏಳಲೇಬೇಕು ಅಜ್ಜಿ. ಅಮ್ಮ ಸತ್ತ ದಿನವೂ ಏಳಬೇಕಲ್ಲ, ಅದೇ ದುಃಖ. ಎದ್ದು, ಗೇಟು ತೆಗೆದ ಮೇಲೆ ಇವರು ಕೊಳಲು ಹಾಕ್ತಾರೆ, ಬೆಟ್ಟದ ಗಾಳಿ ಹಾಕ್ತಾರೆ.”

“ಬಿಡದೀಲಿ ಯಾವ ಬೆಟ್ಟದ ಗಾಳಿ ಬೀಸ್ತದೆ? ಆ ಕೋಣೇಲಿ ಫ್ಯಾನೂ ಇಲ್ಲ.”

ಅವರು ದಡ್ಡರಲ್ಲ. ಒಂದು ಮಾತು ಸರಿಯಾಗಿಯೇ ಹೇಳಿದರು: “ನಿಜವಾಗಿ ಗೇಟು ತೆಗೀದೆ ಕೂತ್ರೆ ಮಾರನೇ ದಿನ ಅವರಿಗೆ ಕೆಲಸ ಇರಲ್ಲ. ಗಂಟುಮೂಟೆ ಆಚೆ. ನೀವು ಹೇಳೋ ಹಾಗೆ ಮಾಡಿದ್ರೆ ನಾಟಕ ಸುಳ್ಳಾಗುತ್ತೆ.”

“ಏಳೋದಾದ್ರೆ ಅವಳು ಅನ್ನಕ್ಕಿಡ್ತಾಳೆ ಮೇಷ್ಟ್ರೆ. ಏಳು ವರ್ಷ ಅದನ್ನೇ ಮಾಡವ್ಳೆ. ಬಾಣಲೆ ತೆಗುದ್ಲು ಅಂದ್ರೆ ಅವತ್ತು ಏಳಲ್ಲ. ಕೆಲಸ ಹೋದ್ರೆ ಹೋಗ್ಲಿ ಅಂತ್ಲೇ ಎಸರಿಟ್ಟವ್ಳೆ. ಅದು ಸುಳ್ಳಾ?”

“ನಾಟಕ ಬರೆದದ್ದು ನಾನು.”

“ಹಿಟ್ಟು ತಿರುವೋದು ನಾನು.”

“ಹಾಗಾದ್ರೆ ಬರೆದಂಗೆ ತಿರುವಿ. ಆಗಲ್ಲ ಅಂದ್ರೆ ಹೇಳಿ, ಬೇರೆ ವ್ಯವಸ್ಥೆ ಮಾಡ್ತೀನಿ.”

ಒಂದು ವಾರ ಬರೆದಂತೆಯೇ ಮಾಡಿದೆ. ಎಂಟು ಸಲ ನಡುವೆ ಸೌಟು ಬಿಟ್ಟೆ, ಎಂಟು ಬಾಣಲೆ ಹಿಟ್ಟು ಕೆಟ್ಟಿತು. ಪಕ್ಕದ ಮನೆಯವರ ಎಮ್ಮೆಗೆ ಹಾಕಿದೆ. ತಾಯಿ ಪಾತ್ರದವಳು ಚನ್ನಪಟ್ಟಣದವಳು, ಮನೆಯಲ್ಲಿ ಬ್ಲೌಸು ಹೊಲಿಯುವವಳು. ನನ್ನ ಸದ್ದು ಕೇಳಿಕೊಂಡೇ ಅವಳ ಕೈ ಆಡಬೇಕು. ಅವಳು ಒಂದು ದಿನ ಪರದೆ ಸರಿಸಿ, “ಅಜ್ಜಿ, ನೀವು ನಿಲ್ಸುದ್ ತಕ್ಷಣ ನನ್ ಕೈ ಸತ್ತೋದಂಗಾಗ್ತದೆ” ಎಂದಳು. ನಾನು ಬಾಣಲೆಯ ತಳ ಕೆರೆಯುತ್ತಿದ್ದೆ. ಮನಸ್ಸಿನಲ್ಲಿದ್ದದ್ದು ಹೇಳಿದ್ದರೆ ಆಮೇಲೆ ಸಂಚು ಅನ್ನುತ್ತಿದ್ದರು.

ಶನಿವಾರ ಮೊದಲ ಆಟ, ಭಾನುವಾರ ಎರಡನೆಯದು. ಶನಿವಾರ ಮೂರಕ್ಕೆ ತಗಡಿಗೆ ನೀರು ಹೊಡೆದೆ. ನಾಲ್ಕಕ್ಕೆ ಕಿಟಕಿಗೆ ಕಂಬಳಿ ಕಟ್ಟಿದೆವು. ನಲವತ್ತೂ ಜಾಗ ತುಂಬಿತು. ನೂಲಿನವರು, ಬಿಡದಿಯ ಕಾರ್ಖಾನೆಯವರು, ಮಾಗಡಿ ಕನಕಪುರದಿಂದ ಬಂದ ಮೇಷ್ಟ್ರ ಸ್ನೇಹಿತರು. ಬಾಣಲೆಯ ಹೆಂಗಸನ್ನು ಕರೆದಿದ್ದೆ. ಬರಲಿಲ್ಲ. ಗೇಟು ಬಿಟ್ಟು ಹೇಗೆ ಬರುತ್ತಾಳೆ?

ಎಲ್ಲ ಸರಿಯಾಗಿ ಹೋಯಿತು. ಮೋಟಾರು, ಹೆಜ್ಜೆ, ಅನ್ನದ ತಟ್ಟೆ ಕುಣಿಯುವುದು. ಎಂಟು ಹಾರ್ನು, ಎಂಟು ಗೇಟು. ಫೋನ್ ಬಂತು. ಅವಳು ಸುದ್ದಿ ಕೇಳಿದಳು, ಅಳಲಿಲ್ಲ, ತನ್ನ ಖಾಲಿ ಬಾಣಲೆ ಇಟ್ಟಳು. ನಾನು ಪರದೆಯ ಹಿಂದೆ ಹಿಟ್ಟು ಉದುರಿಸುತ್ತಾ ತಿರುವಲು ಶುರು ಮಾಡಿದೆ. ಶೆಡ್ಡಿನಲ್ಲಿ ಅದೊಂದೇ ಸದ್ದು. ಹಿಟ್ಟು ಮುಗಿದ ಮೇಲೆ ಎಡಗೈ ಹಗ್ಗದ ಮೇಲೆ ಜರುಗಿತು. ಸೋಡಾ ಮುಚ್ಚಳ ಸಿಕ್ಕಿತು. ಹೆಬ್ಬೆರಳು ಒತ್ತಿದೆ. ಹಾರ್ನು.

ಈಗ ಸೌಟು ಬಿಡಬೇಕು. ಅವಳು ಏಳಬೇಕು. ನಾನು ಗೇಟಿನ ಹಗ್ಗ ಎಳೆಯಬೇಕು. ಗೇಟಿನ ಸದ್ದು ಕೇಳಿದ ಮೇಲೆ ಸೌಂಡಿನವನು ಕೊಳಲು ಹಾಕಬೇಕು. ಕೈಗೆ ಕಬ್ಬಿಣದ ವಾಷರು ತಾಗಿತು.

ಕೈ ಹಿಂದಕ್ಕೆ ತೆಗೆದುಕೊಂಡೆ. ಎರಡೂ ಕೈಯಿಂದ ಸೌಟು ಹಿಡಿದು ತಿರುವಿದೆ.

ಪರದೆಯ ಸಂದಿಯಿಂದ ಅವಳು ಕಾಣುತ್ತಿದ್ದಳು. ಏಳಲು ಒಂದು ಮಂಡಿ ಎತ್ತಿದ್ದಳು. ಸದ್ದು ನಿಲ್ಲಲಿಲ್ಲ. ಸದ್ದು ನಿಲ್ಲದೆ ಬಾಣಲೆ ಬಿಟ್ಟು ಹೇಗೆ ಏಳುತ್ತಾಳೆ? ಮಂಡಿ ಕೆಳಗಿಳಿಯಿತು. ಕೈ ತಿರುವತೊಡಗಿತು. ನಾನು ಮತ್ತೆ ಹಾರ್ನು ಒತ್ತಿದೆ. ಮತ್ತೆ, ಉದ್ದಕ್ಕೆ. ಲೈಟಿನ ಹತ್ತಿರ ಕೂತಿದ್ದ ಮೇಷ್ಟ್ರು “ಗೇಟು! ಅಜ್ಜಿ, ಗೇಟು!” ಎಂದು ಹಲ್ಲು ಕಚ್ಚಿ ಪಿಸುಗುಟ್ಟುವುದು ಕೇಳಿಸಿತು. ನಾನು ನಾಲ್ಕನೇ ಹಾರ್ನು ಒತ್ತಿದೆ. ಅಷ್ಟೂ ಹೊತ್ತು ಸೌಟು ನಿಲ್ಲಲಿಲ್ಲ. ಹಿಟ್ಟು ಗಟ್ಟಿಯಾಗುತ್ತಿತ್ತು, ತೋಳು ನೋಯುತ್ತಿತ್ತು.

ಕೂತವರಲ್ಲಿ ಒಬ್ಬ ಗಂಡಸಿಗೆ ತಡೆಯಲಾಗಲಿಲ್ಲ. “ತೆಗ್ಯಮ್ಮ ಗೇಟ! ಯಾರೋ ಆಗ್ಲಿಂದ ಹೊಡ್ಕೊತಾವ್ರೆ!” ಎಂದ.

“ಸುಮ್ಕಿರ್ಲಾ!” ಎಂದಳು ಹಿಂದಿನ ಸಾಲಿನಿಂದ ನೂಲಿನ ಒಬ್ಬ ಹೆಂಗಸು. “ನಡುವೆ ಎದ್ರೆ ಗಂಟಾಗಕಿಲ್ವಾ? ಹೊಡ್ಕೊಳ್ಳಿ ಬುಡು!”

ಯಾರೂ ನಗಲಿಲ್ಲ. ಐದನೇ ಹಾರ್ನು. ಬೆಂದದ್ದು ಸೌಟಿಗೆ ಗೊತ್ತಾಯಿತು. ಬಾಣಲೆಯ ಅಂಚಿಗೆ ಸೌಟನ್ನು ಎರಡು ಸಲ ಕುಟ್ಟಿದೆ. ಅವಳೂ ಕುಟ್ಟಿದಳು. ಮಗಳ ಪಾತ್ರದವಳ ಮುಂದೆ ತಟ್ಟೆ ಇಟ್ಟು, ತಾನೂ ಕೂತು, ಖಾಲಿ ತುತ್ತು ಬಾಯಿಗಿಟ್ಟಳು. ಹಾರ್ನು ಆಗುತ್ತಲೇ ಇತ್ತು. ಗೇಟಿನ ಸದ್ದು ಬರಲಿಲ್ಲ, ಹಾಗಾಗಿ ಕೊಳಲೂ ಬರಲಿಲ್ಲ. ಮೇಷ್ಟ್ರು ಬೇರೆ ದಾರಿ ಕಾಣದೆ ಲೈಟು ಆರಿಸಿದರು. ಆಮೇಲೆ ನಾನು ಹೆಬ್ಬೆರಳು ತೆಗೆದೆ.

ಜನ ಹೋದ ಮೇಲೆ ಮೇಷ್ಟ್ರು ಪರದೆ ಕಿತ್ತು ಹಾಕುವ ಹಾಗೆ ಸರಿಸಿದರು. ಮುಖ ಕೆಂಪಗಾಗಿತ್ತು.

“ನನ್ನ ನಾಟಕ ಅದು! ಯಾರನ್ನ ಕೇಳಿ ಮಾಡಿದ್ರಿ?”

“ಯಾರನ್ನೂ ಕೇಳ್ಲಿಲ್ಲ.”

“ತಪ್ಪು ಅಂತಾದ್ರೂ ಅನ್ನಿ.”

“ನಿಮಗೆ ಹೇಳ್ದೆ ಮಾಡಿದ್ದು ತಪ್ಪು. ಮಾಡಿದ್ದು ತಪ್ಪಲ್ಲ.”

ಸೌಂಡಿನವನು ತಂತಿ ಸುತ್ತುತ್ತಾ, “ಸರ್, ಅಲ್ಲಿ ಇವತ್ತು ನಾನು ಕೊಳಲು ಹಾಕಿದ್ರೆ ಆ ಹಿಂದಿನ ಸಾಲಿನವರು ಎದ್ದು ಬಂದು ಹೊಡೀತಿದ್ರು” ಎಂದ. ಅದರಿಂದ ಮೇಷ್ಟ್ರಿಗೆ ಇನ್ನೂ ಉರಿಯಿತು.

“ನಾಳೆ ನೀವು ಬರಬೇಡಿ ಅಜ್ಜಿ. ಬೀಗದ ಕೈ ಕೊಟ್ಬಿಡಿ. ತಿರುವೋ ಸದ್ದನ್ನೂ ಇವರು ಹೇಗೋ ಹಿಡಿದು ಹಾಕ್ಲಿ. ನಾಳೆ ಅವಳು ಏಳ್ತಾಳೆ, ಗೇಟು ತೆಗೀತಾಳೆ.”

ಬೀಗದ ಕೈ ಅವರ ಕೈಗೇ ಹಾಕಿದೆ. ಬಾಣಲೆ, ಸೌಟು, ಕರೆಂಟ್ ಒಲೆ ಮಾತ್ರ ಎತ್ತಿಕೊಂಡೆ. ಅವು ಅವರವಲ್ಲ. ಬಾಣಲೆ, ಸೌಟು ಆ ಹೆಂಗಸಿನವು, ಒಲೆ ನನ್ನದು.

ದಾರಿಯಲ್ಲಿ ಯೋಚಿಸಿದೆ. ಕೆಲಸ ಹೋಯಿತು, ಹೋಗಲಿ. ನಾನು ಪರದೆಯ ಹಿಂದೆ ಇದ್ದರೆ ತಾನೇ ನನ್ನನ್ನು ತೆಗೆಯುವುದು? ಸದ್ದು ಅವಳ ಕೈಯಲ್ಲೇ ಇದ್ದರೆ ಯಾರನ್ನು ತೆಗೆಯುತ್ತಾರೆ?

ಮಾರನೇ ಬೆಳಗ್ಗೆ ಆರು ಗಂಟೆಯ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋದೆ. ತಾಯಿ ಪಾತ್ರದವಳು ಬಾಗಿಲು ತೆಗೆದು, ಬಾಣಲೆ, ಒಲೆ ಹೊತ್ತು ನಿಂತ ನನ್ನನ್ನು ನೋಡಿ ಬಾಯಿ ಮೇಲೆ ಕೈಯಿಟ್ಟಳು. ಅತ್ತೆ ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗಿದ್ದಳಂತೆ. ಒಳ್ಳೆಯದೇ ಆಯಿತು. ಆ ಮನೆಯಲ್ಲಿ ಮುದ್ದೆಯ ಕೋಲು ಅತ್ತೆಯದು, ಇವಳ ಕೈಗೆ ಕೊಟ್ಟವರೇ ಇಲ್ಲ.

“ಸೆರಗು ಕಟ್ಕೊ. ಎಸರಿಡು” ಎಂದೆ. “ಇವತ್ತು ಅಲ್ಲಿ ಖಾಲಿ ಬಾಣಲೆ ಬೇಡ. ಇದೇ ಒಲೆ, ಇದೇ ಹಿಟ್ಟು. ನೀನೇ ತಿರುವು.”

“ವೇದಿಕೆ ಮೇಲೆ ಒಲೆ ಬ್ಯಾಡ ಅಂದವ್ರಲ್ಲ ಅಜ್ಜಿ?”

“ಬೆಂಕಿ ಬ್ಯಾಡ ಅಂದವ್ರೆ. ಇದು ಕರೆಂಟು.”

“ಬೈದ್ರೆ?”

“ನಾಟಕ ಮುಗುದ್ಮೇಲೆ ಬೈತಾರೆ. ಅಷ್ಟೊತ್ಗೆ ಬೆಂದಿರ್ತದೆ.”

ಮೊದಲನೆಯದು ಗಂಟಾಯಿತು. ಎರಡನೆಯದು ತಳ ಹಿಡಿಯಿತು. ಹಿಟ್ಟು ಉದುರಿಸುವ ಕೈಗೂ ತಿರುವುವ ಕೈಗೂ ಹೊಂದಿಕೆ ಇರಲಿಲ್ಲ. ಹಿಂದೆ ಕೂತು ಅವಳ ಮಣಿಕಟ್ಟು ಹಿಡಿದು ತೋರಿಸಿದೆ. ಮೂರನೆಯದರಲ್ಲಿ ಸದ್ದು ಕೆಳಗಿನಿಂದ ಬರತೊಡಗಿತು. ಅವಳಿಗೂ ಅದು ಕೇಳಿಸಿತು. ತುಟಿ ಕಚ್ಚಿಕೊಂಡು ತಿರುವುತ್ತಿದ್ದಳು. ಅಷ್ಟರಲ್ಲಿ ಹೊರಗೆ ಹಾಲಿನವನು “ಹಾಲಮ್ಮೋ!” ಎಂದು ಕೂಗಿದ. ಅವಳ ಹೆಗಲು ಬಾಗಿಲ ಕಡೆ ತಿರುಗಿತು. ನಾನು ಸುಮ್ಮನೆ ನೋಡಿದೆ. ಹೆಗಲು ವಾಪಸ್ ಬಂತು. ಅವನು ಎರಡನೇ ಸಲ ಕೂಗಿದ, ಮೂರನೇ ಸಲ ಬಾಗಿಲು ಬಡಿದ. ಅವಳು ತಲೆ ಎತ್ತಲಿಲ್ಲ.

ಪಾತ್ರೆ ತೆಗೆದುಕೊಂಡು ಹೋಗಿ ನಾನೇ ಹಾಲು ಹಾಕಿಸಿಕೊಂಡು ಬಂದೆ.